ಕಲಿತದ್ದು ಯಾರ ಸೊತ್ತು?

ಕಾಲೇಜಿನ ಗ್ರಂಥಾಲಯದಲ್ಲಿ ಕೇಳಿಬರುವ ‘ಇಲ್ಲ’ ಎಂಬ ಉತ್ತರದಲ್ಲಿ ಎರಡು ಬಗೆಯಿದೆ. ಒಂದು, ಕೇಳಿದ ಪುಸ್ತಕ ನಿಜಕ್ಕೂ ಅಲ್ಲಿಲ್ಲ, ಅದನ್ನು ಕೊಳ್ಳುವಷ್ಟು ಹಣವೂ ಆ ಕಾಲೇಜಿನಲ್ಲಿಲ್ಲ. ಇದು ಬಡತನದ ಉತ್ತರ. ಇನ್ನೊಂದು, ಪುಸ್ತಕ ಅದೇ ಕಟ್ಟಡದ ಮೂಲೆಯಲ್ಲೋ, ಹತ್ತಿಪ್ಪತ್ತು ಮೈಲಿ ಆಚೆಯ ಮತ್ತೊಂದು ಕಾಲೇಜಿನಲ್ಲೋ ಇದೆ; ಆದರೆ ಇದೆಯೆಂದು ಹೇಳಬೇಕಾದವರಿಗೆ ಅದು ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ದಾರಿಯನ್ನು ಅವರಿಗೆ ಯಾರೂ ತೋರಿಸಿಲ್ಲ. ಇದು ಒಂಟಿತನದ ಉತ್ತರ. ಕೌಂಟರಿನ ಈಚೆ ನಿಂತ ವಿದ್ಯಾರ್ಥಿನಿಗೆ ಎರಡೂ ಒಂದೇ. ಅವಳು ಬರಿಗೈಯಲ್ಲಿ ಬಸ್ ಹತ್ತುತ್ತಾಳೆ, ಪರೀಕ್ಷೆಗೆ ಗೈಡ್ ಓದುತ್ತಾಳೆ. ಆದರೆ ನ್ಯಾಯದ ತಕ್ಕಡಿಯಲ್ಲಿ ಎರಡೂ ಒಂದೇ ಅಲ್ಲ. ಬಡತನದ ಉತ್ತರಕ್ಕೆ ಸರಕಾರವನ್ನೋ ಆಡಳಿತ ಮಂಡಳಿಯನ್ನೋ ಕೇಳಬಹುದು. ಒಂಟಿತನದ ಉತ್ತರಕ್ಕೆ ಯಾರನ್ನು ಕೇಳಬೇಕು?

ಇಲ್ಲಿಂದಲೇ ನಮ್ಮ ಪ್ರಶ್ನೆ ಹುಟ್ಟುತ್ತದೆ. ಒಬ್ಬ ಗ್ರಂಥಪಾಲಕ ತನ್ನ ವೃತ್ತಿಯಲ್ಲಿ ಕಲಿತದ್ದು ಯಾರ ಸೊತ್ತು? ಕಷ್ಟಪಟ್ಟು ಕಲಿತ ಅವನದೇ? ಖರ್ಚು ಕೊಟ್ಟು ತರಬೇತಿಗೆ ಕಳಿಸಿದ ಕಾಲೇಜಿನದೇ? ಅಥವಾ ಅವನ ಮುಂದೆ ಬಂದು ನಿಲ್ಲುವ, ಅವನ ಮುಂದೆ ಎಂದೂ ಬಂದು ನಿಲ್ಲದ ಎಲ್ಲ ಓದುಗರದೇ?

ಈ ಪ್ರಶ್ನೆ ಬಡಗಿಗೂ ಇದೆ, ವೈದ್ಯನಿಗೂ ಇದೆ. ಆದರೆ ಗ್ರಂಥಪಾಲಕರ ವಿಷಯದಲ್ಲಿ ಅದು ಹೆಚ್ಚು ಚುಚ್ಚುತ್ತದೆ. ಏಕೆಂದರೆ ಇನ್ನೊಬ್ಬರು ಬರೆದದ್ದನ್ನು ಮತ್ತೊಬ್ಬರಿಗೆ ದಾಟಿಸುವುದೇ ಅವರ ಕಸುಬು. ಊರವರ ಗಂಟನ್ನೆಲ್ಲ ಪ್ರಾಮಾಣಿಕವಾಗಿ ಕಾಯುವವನು ತನ್ನ ಬುತ್ತಿಯನ್ನು ಮಾತ್ರ ಮುಚ್ಚಿಟ್ಟು ಉಣ್ಣಬಹುದೇ? ನಾವು ಗ್ರಂಥಪಾಲಕರಲ್ಲ, ಓದುವವರು, ಬರೆಯುವವರು, ಅಂದರೆ ಅವರ ಸಾಲಗಾರರು. ಸಾಲಗಾರನಿಗೆ ಸಾಹುಕಾರನ ಲೆಕ್ಕ ಕೇಳುವ ಹಕ್ಕಿಲ್ಲ ಎನ್ನುತ್ತಾರೆ. ಆದರೂ ಸಾಹುಕಾರನ ಅಂಗಡಿ ಮುಚ್ಚಿದರೆ ಮೊದಲು ಕಂಗಾಲಾಗುವವನು ಸಾಲಗಾರನೇ ಆದ್ದರಿಂದ ಈ ಮಾತನ್ನು ಆಡಲೇಬೇಕಾಗಿದೆ.

ನಮ್ಮ ದೇಶದಲ್ಲಿ ಗ್ರಂಥಾಲಯವೆಂದೊಡನೆ ನೆನಪಾಗುವ ಹೆಸರು ಎಸ್.ಆರ್. ರಂಗನಾಥನ್ ಅವರದು. ಅವರ ಬದುಕೇ ಈ ಪ್ರಶ್ನೆಗೆ ಒಂದು ಉತ್ತರದಂತಿದೆ. ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಆ ಕೋಣೆಯ ಮೌನ ಅವರಿಗೆ ಹಿಡಿಸಲಿಲ್ಲ. ಮತ್ತೆ ತರಗತಿಗೇ ಮರಳುತ್ತೇನೆಂದು ಹಟ ಹಿಡಿದರು. ಹೇಗೂ ತರಬೇತಿಗೆ ಇಂಗ್ಲೆಂಡಿಗೆ ಹೋಗುವುದಿದೆಯಲ್ಲ, ಹೋಗಿ ಬಂದು ತೀರ್ಮಾನಿಸಿ ಎಂದು ಹಿರಿಯರು ಒಪ್ಪಿಸಿದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರಿಗೆ ಬರ್ವಿಕ್ ಸೇಯರ್ಸ್ ಎಂಬ ಗುರು ಸಿಕ್ಕಿದರು. ಸೇಯರ್ಸ್ ಪಾಠ ಹೇಳುವವರಷ್ಟೇ ಅಲ್ಲ, ಕ್ರಾಯ್ಡನ್ ಊರಿನ ಗ್ರಂಥಾಲಯದ ಮುಖ್ಯಸ್ಥರೂ ಹೌದು. ತಮ್ಮ ಗ್ರಂಥಾಲಯದ ಒಳಹೊರಗನ್ನೆಲ್ಲ ಈ ಪರದೇಶಿ ಶಿಷ್ಯನಿಗೆ ತೆರೆದು ತೋರಿಸಿದರು. ಅಲ್ಲಿಂದ ರಂಗನಾಥನ್ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿದರು.

ಗಮನಿಸಬೇಕಾದದ್ದು ಇದನ್ನು. ರಂಗನಾಥನ್ ಮಹಾ ಪ್ರತಿಭಾವಂತರು ನಿಜ. ಆದರೆ ಆ ನೂರು ಗ್ರಂಥಾಲಯಗಳ ಬಾಗಿಲು ತೆರೆದವರು ಯಾರು? ಹೆಸರೇ ಉಳಿಯದ ನೂರಾರು ಗ್ರಂಥಪಾಲಕರು. ವಸಾಹತಿನಿಂದ ಬಂದ ಒಬ್ಬ ಮೇಷ್ಟ್ರಿಗೆ ತಮ್ಮ ಕಪಾಟು, ತಮ್ಮ ಕಾರ್ಡು, ತಮ್ಮ ತೊಡಕುಗಳನ್ನು ತೋರಿಸಿದರೆ ಅವರಿಗೆ ಬರುವ ಲಾಭವೇನೂ ಇರಲಿಲ್ಲ. ಅವರಲ್ಲಿ ಯಾರಾದರೂ ‘ಇದು ನಮ್ಮ ಮನೆಯ ಗುಟ್ಟು’ ಎಂದಿದ್ದರೆ 1933ರಲ್ಲಿ ಅಚ್ಚಾದ ಕೋಲನ್ ವರ್ಗೀಕರಣ ಅಷ್ಟರಮಟ್ಟಿಗೆ ಬಡವಾಗುತ್ತಿತ್ತು.

1925ರಲ್ಲಿ ಹಿಂದಿರುಗಿದ ರಂಗನಾಥನ್ ಕಲಿತದ್ದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ. 1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಕಟ್ಟುವಲ್ಲಿ ಮುಂದಾದರು. ಮರುವರ್ಷವೇ ಬೇಸಿಗೆ ರಜೆಯಲ್ಲಿ ಗ್ರಂಥಪಾಲಕರಿಗೆ ತರಬೇತಿ ತರಗತಿ ಆರಂಭವಾಯಿತು. ಇಳಿವಯಸ್ಸಿನಲ್ಲಿ ಅವರು ನೆಲೆಸಿದ್ದು ನಮ್ಮ ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲಿಯೇ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಡಿಯಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ತೀರಿಕೊಳ್ಳುವವರೆಗೆ ಕಲಿಸುತ್ತಲೇ ಇದ್ದರು. ಜೀವಮಾನದ ಉಳಿತಾಯದ ಒಂದು ಲಕ್ಷ ರೂಪಾಯಿಯನ್ನು ಪತ್ನಿ ಶಾರದಾ ಅವರ ಹೆಸರಿನಲ್ಲಿ ಒಂದು ಪ್ರಾಧ್ಯಾಪಕ ಪೀಠಕ್ಕಾಗಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಕೊಟ್ಟರು. ಸೇಯರ್ಸ್ ಕೊಟ್ಟದ್ದನ್ನು ಅವರು ಸೇಯರ್ಸ್‌ಗೆ ಹಿಂದಿರುಗಿಸಲಿಲ್ಲ, ಮುಂದಿನವರಿಗೆ ಕೊಟ್ಟರು. ವಿದ್ಯೆಯ ಸಾಲ ತೀರುವುದೇ ಹಾಗೆ. ಕೊಟ್ಟವನಿಗಲ್ಲ, ಬೇಕಾದವನಿಗೆ.

ಇಂತಹದೇ ಇನ್ನೊಂದು ಸರಪಳಿ ಲಾಹೋರಿನದು. 1915ರಲ್ಲಿ ಅಮೆರಿಕದ ಗ್ರಂಥಪಾಲಕ ಏಸಾ ಡಾನ್ ಡಿಕಿನ್ಸನ್ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ ಒಂದು ತರಬೇತಿ ತರಗತಿ ನಡೆಸಿದರು. ಅಲ್ಲಿ ಕಲಿತವರಲ್ಲಿ ಖಲೀಫಾ ಮೊಹಮ್ಮದ್ ಅಸದುಲ್ಲಾ ಒಬ್ಬರು. ಅವರು ಮುಂದೆ ಕಲಕತ್ತೆಯ ಇಂಪೀರಿಯಲ್ ಲೈಬ್ರರಿಯ, ಅಂದರೆ ಇಂದಿನ ರಾಷ್ಟ್ರೀಯ ಗ್ರಂಥಾಲಯದ ಮುಖ್ಯಸ್ಥರಾದರು. 1933ರಲ್ಲಿ ಭಾರತೀಯ ಗ್ರಂಥಾಲಯ ಸಂಘ ಹುಟ್ಟಿದಾಗ ಅದರ ಕಾರ್ಯದರ್ಶಿಯಾದರು. 1935ರಲ್ಲಿ ಕಲಕತ್ತೆಯಲ್ಲಿ ತಾವೇ ತರಬೇತಿ ಆರಂಭಿಸಿದರು. ದೇಶ ಒಡೆದಾಗ ಅವರು ಗಡಿಯಾಚೆ ಹೋದರು. ಅವರು ಕಲಿಸಿದ್ದು ಈಚೆಗೂ ಉಳಿಯಿತು. ಭೂಮಿಯನ್ನು ಪಾಲು ಮಾಡಬಹುದು, ಪುಸ್ತಕದ ಕಪಾಟುಗಳನ್ನೂ ಪಾಲು ಮಾಡಬಹುದು. ಹಂಚಿಕೊಂಡ ವಿದ್ಯೆಯನ್ನು ಯಾವ ಸರ್ವೇಯರನೂ ಅಳೆದು ಪಾಲು ಮಾಡಲಾರ.

ಇಷ್ಟು ಹೇಳಿ ‘ಆದ್ದರಿಂದ ಎಲ್ಲರೂ ಎಲ್ಲವನ್ನೂ ಹಂಚಿಕೊಳ್ಳಿ’ ಎಂದು ಮುಗಿಸಿಬಿಡುವುದು ಸುಲಭ. ಆದರೆ ಉಪದೇಶ ಮಾಡುವವರು ಎದುರು ಪಕ್ಷದ ವಾದವನ್ನೂ ಕೇಳಬೇಕು. ಆ ವಾದವನ್ನು ನಮ್ಮ ಹಳೆಯ ಕತೆಯೊಂದು ಚೆನ್ನಾಗಿ ಹೇಳುತ್ತದೆ. ಬೆಕ್ಕು ಹುಲಿಗೆ ಚಿಕ್ಕಮ್ಮನಾಗಬೇಕಂತೆ. ಉರ್ದುವಿನಲ್ಲೂ ಅವಳು ಹುಲಿಯ ಖಾಲಾ. ಹೊಂಚುವುದು, ಹಾರುವುದು, ಹಿಡಿಯುವುದು ಎಲ್ಲವನ್ನೂ ಅವಳು ಹುಲಿಗೆ ಕಲಿಸಿದಳು. ಕಲಿತು ಮುಗಿಸಿದ ಹುಲಿ ಮೊದಲು ಎರಗಿದ್ದು ಅವಳ ಮೇಲೆಯೇ. ಅವಳು ಸರಸರನೆ ಮರ ಹತ್ತಿ ಕುಳಿತಳು. ‘ಚಿಕ್ಕಮ್ಮಾ, ಇದೊಂದನ್ನು ನನಗೆ ಕಲಿಸಲಿಲ್ಲವಲ್ಲ!’ ಎಂದಿತು ಹುಲಿ. ‘ಕಲಿಸಿದ್ದರೆ ಈ ಮಾತು ಕೇಳಲು ನಾನು ಇರುತ್ತಿದ್ದೆನೇನಪ್ಪ?’ ಎಂದಳು ಬೆಕ್ಕು.

ಇಂದು ಎಷ್ಟೋ ಕಾಲೇಜುಗಳಲ್ಲಿ ಗ್ರಂಥಾಲಯವನ್ನು ನಡೆಸುತ್ತಿರುವವರು ಗುತ್ತಿಗೆಯ ನೌಕರರು. ಸ್ನಾತಕೋತ್ತರ ಪದವಿ ಇದೆ, ವರ್ಷವರ್ಷವೂ ಕೆಲಸ ಮುಂದುವರಿಯುವ ಭರವಸೆಯಿಲ್ಲ. ಕಂಪ್ಯೂಟರಿನ ಪಾಸ್‌ವರ್ಡ್ ಅವರೊಬ್ಬರಿಗೇ ಗೊತ್ತು, ತಂತ್ರಾಂಶ ಕೆಟ್ಟರೆ ಸರಿಮಾಡುವುದೂ ಅವರೊಬ್ಬರಿಗೇ ಗೊತ್ತು. ಆ ಒಂದು ಗುಟ್ಟೇ ಅವರು ಹತ್ತಿ ಕುಳಿತ ಮರ. ‘ನಿಮಗೆ ಗೊತ್ತಿರುವುದನ್ನೆಲ್ಲ ಬರೆದುಕೊಡಿ’ ಎಂದರೆ ಅವರಿಗೆ ಕೇಳಿಸುವುದು ‘ಮರದಿಂದ ಇಳಿಯಿರಿ’ ಎಂದು. ಇಂಥವರ ಬಳಿ ಹೋಗಿ ತ್ಯಾಗದ ಮಾತಾಡುವುದು ನೀತಿಯಲ್ಲ, ದಬ್ಬಾಳಿಕೆ. ಹೊಟ್ಟೆ ತುಂಬಿದವನು ಹಸಿದವನಿಗೆ ಉಪವಾಸದ ಮಹಿಮೆ ಹೇಳಿದಂತೆ.

ಹಾಗಾದರೆ ಬೆಕ್ಕೇ ಸರಿಯೇ? ಕತೆಯನ್ನು ಇನ್ನೊಮ್ಮೆ ನೋಡೋಣ. ಬೆಕ್ಕು ವಿದ್ಯೆ ಮುಚ್ಚಿಟ್ಟದ್ದು ಹುಲಿಯಿಂದ. ಇನ್ನೊಂದು ಬೆಕ್ಕಿನ ಮರಿಯಿಂದ ಮುಚ್ಚಿಟ್ಟಿದ್ದರೆ ನಾವು ಅವಳನ್ನು ಜಾಣೆ ಎನ್ನುತ್ತಿರಲಿಲ್ಲ. ಪಕ್ಕದ ಕಾಲೇಜಿನ ಗ್ರಂಥಪಾಲಕ ಹುಲಿಯಲ್ಲ. ಅವನೂ ಇಂಥದೇ ಸಂಬಳಕ್ಕೆ, ಇಂಥದೇ ಭಯದಲ್ಲಿ ದುಡಿಯುವವನು. ಅವನಿಂದ ಮುಚ್ಚಿಟ್ಟ ವಿದ್ಯೆ ಯಾರ ಕೆಲಸವನ್ನೂ ಕಾಯುವುದಿಲ್ಲ. ಇಬ್ಬರನ್ನೂ ಒಂಟಿಯಾಗಿಸುತ್ತದೆ, ಅಷ್ಟೆ. ಭಯಕ್ಕೆ ಕಾರಣವಾದದ್ದು ಒಂದು ಕಡೆ, ಬಾಗಿಲು ಮುಚ್ಚುವುದು ಇನ್ನೊಂದು ಕಡೆ. ಬಡವರ ಬದುಕಿನಲ್ಲಿ ಇದು ಹೊಸ ಸಂಗತಿಯೇನಲ್ಲ.

ಎರಡನೆಯ ವಾದ ಕಾಲೇಜುಗಳದ್ದು. ‘ನಮ್ಮ ಹಣದಲ್ಲಿ ತರಬೇತಿ ಪಡೆದವರು ಪಕ್ಕದ ಕಾಲೇಜಿಗೆ ಏಕೆ ನೆರವಾಗಬೇಕು? ಅವರು ನಮ್ಮ ಸ್ಪರ್ಧಿಗಳಲ್ಲವೇ?’ ನ್ಯಾಕ್ ಗ್ರೇಡಿನ ಪೈಪೋಟಿಯ ಕಾಲದಲ್ಲಿ ಈ ಮಾತಿಗೆ ತೂಕ ಬಂದಿದೆ. ಅಮೆರಿಕದ ಒಹಾಯೋ ರಾಜ್ಯದ ಕಾಲೇಜುಗಳೂ ವಿದ್ಯಾರ್ಥಿಗಳಿಗಾಗಿ ಪೈಪೋಟಿ ಮಾಡುವಂಥವೇ. ಆದರೂ 1967ರಲ್ಲಿ ಅಲ್ಲಿನ 54 ಕಾಲೇಜು, ವಿಶ್ವವಿದ್ಯಾನಿಲಯಗಳು ಸೇರಿ ಒಂದು ಕೂಟ ಕಟ್ಟಿಕೊಂಡವು. ಒಂದೇ ಪುಸ್ತಕ 54 ಕಡೆಗೆ ಬಂದರೆ 54 ಮಂದಿ ಕುಳಿತು 54 ಬಾರಿ ಅದರ ವಿವರ ಬರೆಯುತ್ತಿದ್ದರಲ್ಲ, ಆ ದಂಡದ ದುಡಿಮೆಯನ್ನು ತಪ್ಪಿಸುವುದು ಅವರ ಉದ್ದೇಶ. 1971ರ ಆಗಸ್ಟಿನಲ್ಲಿ ಕಂಪ್ಯೂಟರ್ ಜಾಲ ಸಿದ್ಧವಾಯಿತು. ಒಬ್ಬರು ಬರೆದ ವಿವರವನ್ನು ಉಳಿದವರು ತೆಗೆದುಕೊಳ್ಳತೊಡಗಿದರು. ಯಾವ ಕಾಲೇಜೂ ಇದರಿಂದ ತನ್ನ ಹೆಸರು ಕಳೆದುಕೊಳ್ಳಲಿಲ್ಲ. ಉಳಿದ ಸಮಯ ಓದುಗನಿಗೆ ಸಿಕ್ಕಿತು. ಕಾಲೇಜುಗಳು ಕ್ರೀಡೆಯಲ್ಲಿ, ಫಲಿತಾಂಶದಲ್ಲಿ ಪೈಪೋಟಿ ಮಾಡಲಿ. ಗ್ರಂಥಾಲಯಗಳ ಪೈಪೋಟಿಗೆ ಮಾತ್ರ ಅರ್ಥವಿಲ್ಲ. ಎಲ್ಲ ಪುಸ್ತಕಗಳನ್ನೂ ಕೊಂಡ ಗ್ರಂಥಾಲಯ ಭೂಮಿಯ ಮೇಲೆ ಎಲ್ಲಿಯೂ ಇಲ್ಲವಾದ್ದರಿಂದ, ಪ್ರತಿ ಗ್ರಂಥಾಲಯವೂ ಹುಟ್ಟಿನಿಂದಲೇ ನೆರೆಯವನ ಋಣದಲ್ಲಿದೆ.

ಆದರೆ ಕೊಡುವುದಕ್ಕೂ ಒಂದು ಕಟ್ಟು ಬೇಕು. ಇದನ್ನು ತಿಳಿಯಲು ನಮ್ಮ ಅನೇಕ ಕಾಲೇಜುಗಳಲ್ಲೇ ಬಳಕೆಯಲ್ಲಿರುವ ‘ಕೋಹಾ’ ಎಂಬ ತಂತ್ರಾಂಶದ ಕತೆ ನೋಡಬಹುದು. ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಸಣ್ಣ ಪ್ರದೇಶದ ಗ್ರಂಥಾಲಯಕ್ಕಾಗಿ 1999ರಲ್ಲಿ ಅದು ತಯಾರಾಯಿತು. 2000ದ ಜನವರಿಯಿಂದ ಬಳಕೆಗೆ ಬಂತು. ಅದನ್ನು ಅವರು ಮಾರಲಿಲ್ಲ. ಯಾರು ಬೇಕಾದರೂ ಬಳಸಿ, ತಿದ್ದಿ, ತಿದ್ದಿದ್ದನ್ನು ಹಂಚಿರಿ ಎಂದು ಜಗತ್ತಿಗೆ ಬಿಟ್ಟುಕೊಟ್ಟರು. ಮಾವೊರಿ ಭಾಷೆಯಲ್ಲಿ ‘ಕೋಹಾ’ ಎಂದರೆ ಉಡುಗೊರೆ. ಆದರೆ ಕೊಟ್ಟು ಮರೆತುಬಿಡುವ ಉಡುಗೊರೆಯಲ್ಲ. ನಮ್ಮಲ್ಲಿ ಮದುವೆ ಮನೆಯ ಮುಯ್ಯಿ ಇದೆಯಲ್ಲ, ಅದರ ಹಾಗೆ. ಪಡೆದವರ ಮೇಲೆ ಒಂದು ಹೊಣೆಯನ್ನು ಹೊರಿಸಿಯೇ ಅದು ಕೈ ಬದಲಿಸುತ್ತದೆ. ಮುಂದೆ ಅಮೆರಿಕದ ಕಂಪನಿಯೊಂದು ಆ ಹೆಸರನ್ನೇ ನ್ಯೂಜಿಲೆಂಡಿನಲ್ಲಿ ತನ್ನ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಹೊರಟಿತು. ಆ ಸಣ್ಣ ಗ್ರಂಥಾಲಯ ಸುಮ್ಮನೆ ಕೂರಲಿಲ್ಲ. ಬೇರೆ ಬೇರೆ ದೇಶಗಳ ಗ್ರಂಥಪಾಲಕರ ಬೆಂಬಲದಿಂದ ಹೋರಾಡಿತು. 2013ರಲ್ಲಿ ತೀರ್ಪು ಅದರ ಪರವಾಗಿ ಬಂತು.

ಇಲ್ಲಿ ಎರಡು ಪಾಠಗಳಿವೆ. ಹಂಚಿಕೊಂಡದ್ದಕ್ಕೆ ಕಾವಲು ಬೇಕು, ಇಲ್ಲವಾದರೆ ಕೊಟ್ಟದ್ದನ್ನೇ ಬೇಲಿ ಹಾಕಿ ಮಾರುವವರು ಹುಟ್ಟಿಕೊಳ್ಳುತ್ತಾರೆ. ಎರಡನೆಯದಾಗಿ, ಪುಕ್ಕಟೆ ಸಿಕ್ಕಿತೆಂದು ಬಳಸಿ ಸುಮ್ಮನಿರುವವನು ಮುಯ್ಯಿ ಹಾಕದೆ ಊಟ ಮಾಡಿ ಹೋದ ನೆಂಟನಂತೆ. ಕನ್ನಡದ ಪುಸ್ತಕಗಳನ್ನು ಅದರಲ್ಲಿ ಸರಿಯಾಗಿ ಸೇರಿಸುವುದು ಹೇಗೆಂದು ಕಂಡುಕೊಂಡವರು ಅದನ್ನು ನಾಲ್ಕು ಪುಟ ಬರೆದು ಹತ್ತು ಮಂದಿಗೆ ಕೊಟ್ಟರೆ, ಅದೇ ಅವರ ಮುಯ್ಯಿ.

ಕನ್ನಡದ ಮಾತು ಬಂದದ್ದರಿಂದ ನಮ್ಮ ನಾಡಿನದೇ ಒಂದು ತೊಡಕನ್ನು ಹೇಳಬೇಕು. ಕುವೆಂಪು ಅವರ ಪುಸ್ತಕ ಒಂದು ಕಾಲೇಜಿನ ಕ್ಯಾಟಲಾಗಿನಲ್ಲಿ ‘ಕುವೆಂಪು’ ಎಂದಿದ್ದರೆ ಇನ್ನೊಂದರಲ್ಲಿ ‘ಪುಟ್ಟಪ್ಪ ಕೆ.ವಿ.’ ಎಂದಿರುತ್ತದೆ. ಬೇಂದ್ರೆ, ಅಂಬಿಕಾತನಯದತ್ತ ಇಬ್ಬರೂ ಒಬ್ಬರೇ ಎಂದು ನಮಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಒಂದು ಕಡೆ ಹೆಸರನ್ನು ಕನ್ನಡ ಅಕ್ಷರದಲ್ಲಿ, ಇನ್ನೊಂದು ಕಡೆ ಇಂಗ್ಲಿಷ್ ಅಕ್ಷರದಲ್ಲಿ, ಮತ್ತೊಂದು ಕಡೆ ಈಗ ಯಾವ ಕಂಪ್ಯೂಟರಿಗೂ ಅರ್ಥವಾಗದ ಹಳೆಯ ಫಾಂಟಿನಲ್ಲಿ ಬರೆದಿರುತ್ತಾರೆ. ಉರ್ದು ಪುಸ್ತಕಗಳ ಪಾಡು ಇನ್ನೂ ಕಷ್ಟದ್ದು. ಯಾರೋ ಹಿರಿಯರು ತೀರಿಕೊಂಡಾಗ ಅವರ ಮನೆಯವರು ಒಂದು ಪೆಟ್ಟಿಗೆ ಉರ್ದು ಪುಸ್ತಕಗಳನ್ನು ಕಾಲೇಜಿಗೆ ದಾನ ಕೊಡುತ್ತಾರೆ. ಅಲ್ಲಿ ಓದಬಲ್ಲವರಿಲ್ಲ. ಪೆಟ್ಟಿಗೆಯ ಮೇಲೆ ‘ಇತರೆ’ ಎಂಬ ಚೀಟಿ ಅಂಟುತ್ತದೆ, ಮುಂದಿನದನ್ನು ಗೆದ್ದಲು ನೋಡಿಕೊಳ್ಳುತ್ತದೆ. ಅದೇ ಹೊತ್ತಿಗೆ ಕಲಬುರಗಿಯಲ್ಲೋ ಬೀದರಿನಲ್ಲೋ ಉರ್ದು ಬಲ್ಲ ಗ್ರಂಥಪಾಲಕರೊಬ್ಬರು ತಮ್ಮಲ್ಲಿಗೆ ಬಂದ ತುಳು ಪುಸ್ತಕದ ಮುಂದೆ ಹಾಗೆಯೇ ಕುಳಿತಿರಬಹುದು. ಇಬ್ಬರೂ ದಡ್ಡರಲ್ಲ. ಇವರಿಬ್ಬರ ನಡುವೆ ಒಂದು ಫೋನ್ ಕರೆಯ ಪರಿಚಯವಿಲ್ಲ, ಅಷ್ಟೆ.

ಬಿಜಾಪುರದ ಆದಿಲ್‌ಶಾಹಿಗಳ ಗ್ರಂಥಭಂಡಾರದಿಂದ ಅಸರ್ ಮಹಲಿನಲ್ಲಿ ಅಳಿದುಳಿದಿದ್ದ ಅರಬೀ, ಫಾರಸೀ ಹಸ್ತಪ್ರತಿಗಳು 19ನೆಯ ಶತಮಾನದ ನಡುವಿನಲ್ಲಿ ಲಂಡನ್ನಿಗೆ ಸಾಗಿದವು. ಇಂದು ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಲ್ಲಿನ ಗ್ರಂಥಪಾಲಕರು ಬರೆದಿಟ್ಟ ಸೂಚಿಯ ಮೂಲಕವೇ ವಿಜಯಪುರದ ಸಂಶೋಧಕ ತನ್ನ ಊರಿನ ಪುಸ್ತಕಗಳನ್ನು ಹುಡುಕಬೇಕು. ಕೊಂಡೊಯ್ದದ್ದು ಅನ್ಯಾಯ, ಸೂಚಿ ಬರೆದದ್ದು ಉಪಕಾರ. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳಬೇಕಾಗುತ್ತದೆ. ಆದರೆ ನಮ್ಮಲ್ಲೇ ಉಳಿದ ಪುಸ್ತಕಗಳಿಗೆ ನಾವು ಸೂಚಿ ಬರೆಯದಿದ್ದರೆ, ಅವು ಲಂಡನ್ನಿಗೆ ಹೋದವುಗಳಿಗಿಂತಲೂ ದೂರ ಹೋದಂತೆ.

ವೃತ್ತಿಯಲ್ಲಿ ಕಲಿಯಲು ಏರ್ಪಾಡುಗಳೇ ಇಲ್ಲ ಎನ್ನುವಂತಿಲ್ಲ. 1987ರಿಂದ ವಿಶ್ವವಿದ್ಯಾನಿಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಬಂದವು. 2015ರಲ್ಲಿ ಅವುಗಳ ಹೆಸರು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ ಎಂದಾಯಿತು. 2023ರಲ್ಲಿ ಮಾಳವೀಯ ಮಿಷನ್ನಿನ ಫಲಕ ಬಂತು. ಬಡ್ತಿ ಬೇಕಾದರೆ ಇಂಥಿಂಥ ಕೋರ್ಸು, ಕಾರ್ಯಾಗಾರಗಳಿಗೆ ಹೋಗಿರಬೇಕೆಂದು ಯುಜಿಸಿಯ ನಿಯಮಗಳು ಷರತ್ತು ಹಾಕಿದವು. ಷರತ್ತು ಒಳ್ಳೆಯ ಉದ್ದೇಶದ್ದೇ. ಆದರೆ ಕಲಿಕೆಗೆ ಅಂಕ ಬಂದಕೂಡಲೇ ಅಂಕಕ್ಕಾಗಿ ಕಲಿಕೆ ಶುರುವಾಗುತ್ತದೆ. 2020ರ ಕೊರೋನಾ ದಿನಗಳಲ್ಲಿ ವೆಬಿನಾರುಗಳ ಮಳೆಯೇ ಸುರಿಯಿತು. ಹೆಸರು ನೋಂದಾಯಿಸಿ, ಕ್ಯಾಮರಾ ಮುಚ್ಚಿ, ಕೊನೆಗೆ ಒಂದು ಫಾರಂ ತುಂಬಿದರೆ ಇ-ಸರ್ಟಿಫಿಕೇಟ್ ಬರುತ್ತಿತ್ತು. ಹಾಗೆಯೇ ಎರಡು ಕಾಲೇಜುಗಳು ಒಡಂಬಡಿಕೆಗೆ ಸಹಿ ಹಾಕುತ್ತವೆ, ಹಾರ, ಶಾಲು, ಫೋಟೋ ಆಗುತ್ತದೆ, ಕಡತ ಸೇರುತ್ತದೆ. ಆಮೇಲೆ ಒಂದು ಪುಸ್ತಕವೂ ಆ ಕಾಲೇಜಿನಿಂದ ಈ ಕಾಲೇಜಿಗೆ ಬರುವುದಿಲ್ಲ. ಸಹಕಾರದ ಕಾಗದ ಸಹಕಾರವಲ್ಲ. ನಿಕಾಹ್‌ನಾಮೆಯೇ ಸಂಸಾರವಲ್ಲ ಎಂಬಂತೆ.

ಈಗ ಇನ್ನೊಂದು ದೊಡ್ಡ ಬಾಗಿಲು ತೆರೆದಿದೆ. 2024ರ ನವೆಂಬರಿನಲ್ಲಿ ಕೇಂದ್ರ ಸರಕಾರ ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. 30 ಅಂತಾರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ವಿದ್ವತ್ ಪತ್ರಿಕೆಗಳು. 6,300ಕ್ಕೂ ಹೆಚ್ಚು ಸರಕಾರಿ ಸಂಸ್ಥೆಗಳು. ಗ್ರಂಥಾಲಯಗಳು ಬಿಡಿಬಿಡಿಯಾಗಿ ಚೌಕಾಶಿ ಮಾಡುವ ಬದಲು ದೇಶವೇ ಒಟ್ಟಾಗಿ ಮಾಡಿದ್ದು ಸಹಕಾರದ ದೊಡ್ಡ ಮಾದರಿ ಎನ್ನಬೇಕು. ಆದರೆ ಬಾಗಿಲು ತೆರೆದರೆ ಸಾಲದು. ಒಳಗೆ ಕರೆದೊಯ್ಯುವವರು ಬೇಕು. ತಾಲೂಕಿನ ಸರಕಾರಿ ಕಾಲೇಜಿನಲ್ಲಿ ಎಂ.ಎ. ಓದುವ ಹುಡುಗಿಗೆ ಹದಿಮೂರು ಸಾವಿರ ಪತ್ರಿಕೆಗಳ ನಡುವೆ ತನಗೆ ಬೇಕಾದ ಒಂದು ಲೇಖನವನ್ನು ಹುಡುಕುವುದು ಹೇಗೆಂದು ಕಲಿಸಬೇಕಾದವರು ಅಲ್ಲಿನ ಗ್ರಂಥಪಾಲಕರು. ಅವರಿಗೆ ಅದನ್ನು ಕಲಿಸಿದವರು ಯಾರು? ಇನ್ನು, ಅವಳ ವಿಷಯ ಕನ್ನಡದ ಹಳೆಯ ಮಾಸಪತ್ರಿಕೆಗಳೋ ದಖನಿ ಕಾವ್ಯವೋ ಆಗಿದ್ದರೆ ಆ ಮೂವತ್ತು ಪ್ರಕಾಶಕರು ಅವಳಿಗೆ ಹೆಚ್ಚು ನೆರವಾಗಲಾರರು. ಹಳೆಯ ಸಂಚಿಕೆಗಳಲ್ಲಿ ಕೆಲವು ಮೈಸೂರಿನಲ್ಲಿ, ಕೆಲವು ಧಾರವಾಡದಲ್ಲಿ, ಕೆಲವು ಮಂಗಳೂರಿನಲ್ಲಿ ಇರುತ್ತವೆ. ಅವುಗಳ ಒಂದು ಸಮಗ್ರ ಸೂಚಿಯನ್ನು ಯಾವ ಕಂಪನಿಯೂ ಮಾಡಿಕೊಡುವುದಿಲ್ಲ. ಅದು ನಮ್ಮ ಗ್ರಂಥಪಾಲಕರು ಕೈಜೋಡಿಸಿ ಮಾಡಬೇಕಾದ ಕೆಲಸ.

ಹಾಗಾದರೆ ಮೊದಲ ಪ್ರಶ್ನೆಗೆ ನಮ್ಮ ಉತ್ತರವೇನು? ಕಲಿತದ್ದು ಕಲಿತವನ ಸೊತ್ತಲ್ಲ, ಕಾಲೇಜಿನ ಸೊತ್ತೂ ಅಲ್ಲ. ಅದು ಅವನ ಕೈಯಲ್ಲಿರುವ ಅಮಾನತ್ತು. ಅವನಿಗಿಂತ ಮೊದಲಿನವರು ಕೊಟ್ಟದ್ದು, ಮುಂದಿನವರಿಗೆ ತಲುಪಬೇಕಾದದ್ದು. ಆದರೆ ಅಮಾನತ್ತು ಕಾಯುವವನ ಹೊಟ್ಟೆಬಟ್ಟೆಯ ಹೊಣೆ, ಅದರಿಂದ ಫಲ ಪಡೆಯುವವರ ಮೇಲಿದೆ. ಆದ್ದರಿಂದ ಈ ಉತ್ತರದಲ್ಲಿ ಗ್ರಂಥಪಾಲಕರಿಗೊಂದು ಪಾಲು, ಸಂಸ್ಥೆಗಳಿಗೊಂದು ಪಾಲು ಇದೆ. ಹಂಚಿಕೊಂಡವನ ಕೆಲಸ ಹೋಗುವುದಿಲ್ಲ ಎಂಬ ಭದ್ರತೆಯನ್ನು ಕೊಡದೆ ಹಂಚಿಕೊಳ್ಳುವ ಗುಣವನ್ನು ಕೇಳುವ ಹಕ್ಕು ಸಂಸ್ಥೆಗಳಿಗಿಲ್ಲ. ಭದ್ರವಾದ ನೌಕರಿ, ಪೂರ್ತಿ ಸಂಬಳ ಇದ್ದೂ ಮುಚ್ಚಿಡುವವರಿಗೆ ಬೆಕ್ಕಿನ ಕತೆ ಹೇಳಿ ತಪ್ಪಿಸಿಕೊಳ್ಳುವ ಹಕ್ಕೂ ಇಲ್ಲ.

ಮಾಡಬೇಕಾದದ್ದು ಬಹಳ ದೊಡ್ಡದೇನಲ್ಲ. ಒಂದು ಜಿಲ್ಲೆಯ ಹತ್ತು ಕಾಲೇಜುಗಳ ಗ್ರಂಥಪಾಲಕರು, ಕಾಯಂ, ಗುತ್ತಿಗೆ ಎಂಬ ಭೇದವಿಲ್ಲದೆ, ತಿಂಗಳಿಗೆ ಅರ್ಧ ದಿನ ಸರದಿಯಂತೆ ಒಬ್ಬೊಬ್ಬರ ಗ್ರಂಥಾಲಯದಲ್ಲಿ ಸೇರಲಿ. ಪ್ರಿನ್ಸಿಪಾಲರು ಆ ಅರ್ಧ ದಿನವನ್ನು ಕೆಲಸದ ಸಮಯವೆಂದೇ ಎಣಿಸಲಿ, ಬಸ್ಸಿನ ಖರ್ಚು ಕೊಡಲಿ. ವೇದಿಕೆ, ಶಾಲು, ಹಾರ ಬೇಡ. ಪ್ರತಿಯೊಬ್ಬರೂ ತಮಗೆ ಬರುವ ಒಂದನ್ನು ಹೇಳಿಕೊಡಲಿ, ಬಾರದ ಒಂದನ್ನು ಕೇಳಲಿ. ಕೇಳುವುದೇ ಹೆಚ್ಚು ಕಷ್ಟ. ಬರುವುದಿಲ್ಲ ಎನ್ನಲು ಧೈರ್ಯ ಬೇಕು. ಆ ಧೈರ್ಯ ಒಬ್ಬರಿಗೆ ಬಂದರೆ ಉಳಿದ ಒಂಬತ್ತು ಮಂದಿಗೂ ಬರುತ್ತದೆ.

ನಿವೃತ್ತಿಯ ದಿನ ಗ್ರಂಥಪಾಲಕರಿಗೆ ನಾವು ಹಣ್ಣಿನ ಬುಟ್ಟಿ ಕೊಟ್ಟು, ನಡೆದಾಡುವ ವಿಶ್ವಕೋಶ ಎಂದು ಹೊಗಳಿ ಕಳಿಸಿಕೊಡುತ್ತೇವೆ. ವಿಶ್ವಕೋಶ ನಡೆದುಕೊಂಡು ಮನೆಗೆ ಹೋಗಿಬಿಡುತ್ತದೆ. ಮರುದಿನ ಆ ಕುರ್ಚಿಯಲ್ಲಿ ಕೂರುವ ಎಳೆಯರಿಗೆ ಯಾವ ಕಪಾಟಿನ ಹಿಂದೆ ಏನಿದೆಯೆಂದು ಗೊತ್ತಿರುವುದಿಲ್ಲ. ಒಬ್ಬರು ಎಷ್ಟು ತಿಳಿದಿದ್ದರು ಎಂಬುದನ್ನು ಸನ್ಮಾನದ ಭಾಷಣಗಳು ಹೇಳುತ್ತವೆ. ಎಷ್ಟು ಕೊಟ್ಟುಹೋದರು ಎಂಬುದನ್ನು ಮಾತ್ರ ಮರುದಿನ ಕೌಂಟರಿಗೆ ಬರುವ ಮೊದಲ ಓದುಗನೇ ಹೇಳಬೇಕು.